ಮೊದಲ ಗುಂಡು ಏಕೆ ತಪ್ಪುತ್ತದೆ?

ನಾಟಿ ಕೆಲಸ ಮುಗಿದು, ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗಳು ಹೊರಬರುತ್ತವೆ. ಅವನ್ನು ಒರೆಸಿ, ಎಣ್ಣೆ ಹಚ್ಚಿ, ನಳಿಕೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಕಡಂಬುಟ್ಟು, ಪಂದಿ ಕರಿಯ ಊಟವಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಆಗಷ್ಟೇ ಫಳಫಳ ಹೊಳೆಯುವಂತೆ ತಿಕ್ಕಿದ ರೈಫಲ್ಲಿನ ಮೊದಲ ಗುಂಡು ಕಾಯಿಯ ಪಕ್ಕದಲ್ಲೇ ಹಾದುಹೋದರೆ ಈಡುಗಾರನ ಕೈಯನ್ನೇ ದೂರಬೇಕಾಗಿಲ್ಲ. ತಪ್ಪು ಆ ಎಣ್ಣೆಯದೂ ಆಗಿರಬಹುದು.

ನಳಿಕೆ ಎಷ್ಟು ಚೊಕ್ಕಟವೋ ಗುರಿ ಅಷ್ಟು ನಿಖರ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ರೈಫಲ್ಲಿನ ನಳಿಕೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಗುಂಡು ಅವುಗಳಿಗೆ ಕಚ್ಚಿಕೊಂಡು, ಬುಗುರಿಯಂತೆ ತಿರುಗುತ್ತಾ ಹೊರಬರುತ್ತದೆ. ಆ ತಿರುಗಾಟವೇ ಅದನ್ನು ನೇರ ದಾರಿಯಲ್ಲಿ ಹಿಡಿದಿಡುವುದು. ಗೀರುಗಳಲ್ಲಿ ಕಿಟ್ಟ ತುಂಬಿದರೆ ಹಿಡಿತ ಕೆಡುತ್ತದೆ.

ಹಳೆಯ ಕಪ್ಪು ಮದ್ದಿನ ಕಾಲದಲ್ಲಿ ಈ ಕಿಟ್ಟ ದೊಡ್ಡ ಪೀಡೆಯಾಗಿತ್ತು. ಕೆಲವು ಗುಂಡು ಹಾರಿಸುವಷ್ಟರಲ್ಲಿ ನಳಿಕೆ ಕಟ್ಟಿಕೊಂಡು, ಬಾಯಿಂದ ಮುಂದಿನ ಗುಂಡು ತುರುಕುವುದೇ ಕಷ್ಟವಾಗುತ್ತಿತ್ತು. ಕಿಟ್ಟವನ್ನು ಮೆದುವಾಗಿಡಲೆಂದೇ ಎನ್‌ಫೀಲ್ಡ್ ರೈಫಲ್ಲಿನ ತೋಟಾಗಳಿಗೆ ಕೊಬ್ಬು ಸವರುತ್ತಿದ್ದರು. ಅದು ಹಸುವಿನದು, ಹಂದಿಯದು ಎಂಬ ಸುದ್ದಿ ಹಬ್ಬಿ 1857ರಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ನಳಿಕೆಯ ಮಸಿಗೂ ಚರಿತ್ರೆಯಲ್ಲಿ ಪಾತ್ರವುಂಟು!

ಹೊಗೆಯಿಲ್ಲದ ಮದ್ದು ಬಂದ ಮೇಲೆ ಮಸಿ ಕಡಿಮೆಯಾಯಿತು, ಕಾಟ ತಪ್ಪಲಿಲ್ಲ. ಹಿಂದಿನ ತೋಟಾಗಳ ಕೇಪಿನಲ್ಲಿದ್ದ ರಾಸಾಯನಿಕ ಉರಿದು ನಳಿಕೆಯಲ್ಲಿ ಒಂದು ಬಗೆಯ ಉಪ್ಪನ್ನು ಬಿಡುತ್ತಿತ್ತು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವಂತೆ ಅದೂ ತೇವ ಹೀರಿ ಉಕ್ಕನ್ನು ತಿನ್ನುತ್ತಿತ್ತು. ಎಣ್ಣೆಯಲ್ಲಿ ಉಪ್ಪು ಕರಗದು. ಆದ್ದರಿಂದಲೇ .303 ರೈಫಲ್ ಹಿಡಿದ ಸಿಪಾಯಿಗಳು ನಳಿಕೆಗೆ ಆಲಿಕೆಯಿಟ್ಟು ಕುದಿಯುವ ನೀರು ಹೊಯ್ಯುತ್ತಿದ್ದರು. ತುಕ್ಕು ಕೊರೆದ ಕುಳಿಗಳನ್ನು ಯಾವ ತಿಕ್ಕಾಟವೂ ತುಂಬಲಾರದು.

ಹಾಗಾದರೆ ಪ್ರತಿ ಗುಂಡಿಗೂ ತೊಳೆಯಬೇಕೆ? ಇಲ್ಲಿ ದೋಸೆ ಕಾವಲಿಯನ್ನು ನೆನೆಯಬಹುದು. ತಿಕ್ಕಿ ತೊಳೆದ ಕಾವಲಿಯ ಮೇಲೆ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲ. .22 ರೈಫಲ್ಲಿನ ಸೀಸದ ಗುಂಡಿಗೆ ಮೇಣದಂಥ ಜಿಡ್ಡು ಸವರಿರುತ್ತಾರೆ. ಅದು ನಳಿಕೆಯ ಗೋಡೆಗೆ ತೆಳುವಾಗಿ ಅಂಟಿ ಸಮನಾದ ಮೇಲೆಯೇ ಗುಂಡುಗಳು ಒಂದೇ ಕಡೆ ಬೀಳತೊಡಗುವುದು. ದೊಡ್ಡ ರೈಫಲ್ಲುಗಳಲ್ಲಿ ಗುಂಡಿನ ತಾಮ್ರದ ಹೊದಿಕೆ ಸವೆದು ಗೀರುಗಳಿಗೆ ಬಳಿದುಕೊಳ್ಳುತ್ತದೆ. ತೆಳು ಪದರವಾದರೆ ತೊಂದರೆಯಿಲ್ಲ; ದಪ್ಪವಾದರೆ ಗುರಿ ಚದುರುತ್ತದೆ. ಎಣ್ಣೆ ಉಳಿದ ನಳಿಕೆಯಲ್ಲಿ ಗುಂಡಿನ ಉಜ್ಜಾಟ ಬೇರೆ, ಆದ್ದರಿಂದ ವೇಗವೂ ಬೇರೆ, ಬೀಳುವ ಜಾಗವೂ ಬೇರೆ.

ಪಂದ್ಯದ ಗುರಿಕಾರನಿಗೆ ಮೊದಲು ನಾಲ್ಕು ಗುಂಡು ಪ್ರಯೋಗಕ್ಕೆ ಹಾರಿಸುವ ಅವಕಾಶವಿದ್ದರೆ ಇದು ದೊಡ್ಡ ವಿಷಯವಲ್ಲ. ಬೇಟೆಗಾರನಿಗೆ ಆ ಅನುಕೂಲವಿಲ್ಲ. ಅವನಿಗೆ ಮೊದಲನೆಯದೇ ಕೊನೆಯದು. ಭಾರತದಲ್ಲಿ ವಿನೋದದ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೆರೆ ಎಳೆಯಿತು. ಆದರೆ ಗುರಿ ತಪ್ಪಿದ ಗುಂಡಿನ ಬೆಲೆ ಏನೆಂಬುದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ನರಭಕ್ಷಕ ಹೆಣ್ಣುಹುಲಿ ಸಾಕ್ಷಿ. ಹಳೆಯ ಗುಂಡೇಟಿನಿಂದ ಅದರ ಕೋರೆಹಲ್ಲುಗಳು ಮುರಿದಿದ್ದವು. ಸಹಜ ಬೇಟೆ ಸಾಧ್ಯವಾಗದೆ ಅದು ಮನುಷ್ಯರ ಮೇಲೆ ಬಿತ್ತೆಂದು ಕಾರ್ಬೆಟ್ ಬರೆದಿದ್ದಾರೆ.

ಆದ್ದರಿಂದ ಬಲ್ಲವರು ಎರಡು ಜಾಗ್ರತೆ ವಹಿಸುತ್ತಾರೆ. ಒಂದು, ಎಣ್ಣೆ ಹಚ್ಚಿಟ್ಟ ರೈಫಲ್ಲನ್ನು ಹೊರತೆಗೆದಾಗ ಒಣಬಟ್ಟೆ ತೂರಿಸಿ ಒರೆಸಿ, ಸುರಕ್ಷಿತ ಜಾಗದಲ್ಲಿ ಒಂದೆರಡು ಗುಂಡು ಹಾರಿಸಿದ ನಂತರವೇ ಗುರಿಯನ್ನು ನಂಬುತ್ತಾರೆ. ಇನ್ನೊಂದು, ಸಾಧ್ಯವಿದ್ದಲ್ಲೆಲ್ಲ ಸಲಾಕೆಯನ್ನು ಹಿಂದಿನಿಂದಲೇ ತೂರಿಸುತ್ತಾರೆ. ಗುಂಡು ಕಟ್ಟಕಡೆಗೆ ಮುಟ್ಟುವುದು ನಳಿಕೆಯ ಬಾಯಿಯನ್ನು. ಅದರ ಅಂಚು ಒಂದು ಕಡೆ ಸವೆದರೂ ಗುಂಡು ವಾಲುತ್ತದೆ. .303 ರೈಫಲ್ಲುಗಳಲ್ಲಿ ಒರೆಸುವ ಹಗ್ಗವನ್ನು ಓರೆಯಾಗಿ ಎಳೆದೂ ಎಳೆದೂ, ಬಾವಿಯ ಕಲ್ಲಿನಲ್ಲಿ ಹಗ್ಗ ಮಾಡಿದ ಗುರುತಿನಂತೆ, ನಳಿಕೆಯ ಬಾಯಲ್ಲೇ ಗಾಡಿ ಬಿದ್ದದ್ದುಂಟು.