ಗಡಿಯಾರಕ್ಕೂ ಕಾವಲು ಬೇಕು

ಮುಡುಕುತೊರೆ ಮಲ್ಲಿಕಾರ್ಜುನಸ್ವಾಮಿ ಜಾತ್ರೆಗೆ ಹೋಗಿದ್ದೀರಾ? ಕಾವೇರಿ ದಡ, ಬೆಟ್ಟ, ತೇರು, ದನಗಳ ಸಾಲು. ಆ ಜನಜಂಗುಳಿಯಲ್ಲಿ ಒಬ್ಬ ತಾಯಿಯ ಸರ ಹೋಯಿತು ಅಂದುಕೊಳ್ಳಿ. ಬೆಟ್ಟದ ಮೇಲಿನ ಕ್ಯಾಮೆರಾದಲ್ಲಿ ಸರ ಕಿತ್ತದ್ದು 10 ಗಂಟೆ 10 ನಿಮಿಷಕ್ಕೆ. ಅನುಮಾನ ಬಂದವನು ಬುಡದ ಕ್ಯಾಮೆರಾದಲ್ಲಿ ಕಂಡಿದ್ದು 10 ಗಂಟೆ 12ಕ್ಕೆ. ಆ ಜನರ ನಡುವೆ ಎರಡು ನಿಮಿಷದಲ್ಲಿ ಬೆಟ್ಟ ಇಳಿಯೋಕಾಗುತ್ತಾ? ಆಗಲ್ಲ. ಹಾಗಾದ್ರೆ ಇವನಲ್ಲ, ಬಿಡಿ!

ಆದರೆ ಕೆಳಗಿನ ಕ್ಯಾಮೆರಾದ ಗಡಿಯಾರವೇ ಎಂಟು ನಿಮಿಷ ಹಿಂದಿದ್ದರೆ? ಕಳ್ಳ ಮನೆಗೆ ಹೋದ. ಇದೇ ಲೆಕ್ಕ ಉಲ್ಟಾ ಆದರೆ, ನಿರಪರಾಧಿ ಲಾಕಪ್‌ಗೆ ಹೋದ.

ಗಡಿಯಾರ ಯಾಕೆ ತಪ್ಪುತ್ತೆ? ಕಂಪ್ಯೂಟರ್, ಕ್ಯಾಮೆರಾಗಳೊಳಗೆ ಕಾಲ ಎಣಿಸುವುದು ಒಂದು ಸಣ್ಣ ಸ್ಫಟಿಕದ ಹರಳು. ಬಿಸಿಲು, ಚಳಿಗೆ ಅದರ ಕಂಪನ ಬದಲಾಗುತ್ತದೆ. ಹತ್ತು ಲಕ್ಷದಲ್ಲಿ ಇಪ್ಪತ್ತು ಭಾಗ ತಪ್ಪಿದರೂ ದಿನಕ್ಕೆ 1.7 ಸೆಕೆಂಡ್, ವರ್ಷಕ್ಕೆ ಹತ್ತು ನಿಮಿಷ!

ಇದಕ್ಕೆ ಮದ್ದು ಇದೆ. ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ರೂಪಿಸಿದ ಎನ್‌ಟಿಪಿ. ನಮ್ಮ ಯಂತ್ರ 'ಟೈಮ್ ಎಷ್ಟು?' ಅಂತ ಸರ್ವರ್‌ಗೆ ಕೇಳುತ್ತದೆ. ಪ್ರಶ್ನೆ ಹೋಗಿ ಉತ್ತರ ಬರೋಕೆ 40 ಮಿಲಿಸೆಕೆಂಡ್ ಹಿಡಿದರೆ, ಬಂದ ಸಮಯಕ್ಕೆ ಅರ್ಧ, ಅಂದ್ರೆ 20 ಸೇರಿಸಿಕೊಂಡು ತನ್ನನ್ನು ತಿದ್ದಿಕೊಳ್ಳುತ್ತದೆ. ದೇಶದ ಅಧಿಕೃತ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ಅದರ ಜೊತೆ, ಇಲ್ಲವೇ ಎನ್‌ಐಸಿ ಸರ್ವರ್ ಜೊತೆ ಗಡಿಯಾರ ಹೊಂದಿಸಿಕೊಳ್ಳಿ ಅಂತ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಸಂಸ್ಥೆಗಳಿಗೆ ನಿರ್ದೇಶನವನ್ನೂ ಕೊಟ್ಟಿದೆ.

ಅಲ್ಲಿಗೆ ಮುಗೀತಾ? ಇಲ್ಲ ಸ್ವಾಮಿ. ಕೇಬಲ್ ಕಿತ್ತುಹೋದರೆ ಯಂತ್ರ ಬಾಯಿಬಿಟ್ಟು ಹೇಳಲ್ಲ. ತಪ್ಪು ಸಮಯವನ್ನೇ ಠೀವಿಯಿಂದ ತೋರಿಸುತ್ತಾ ಕೂತಿರುತ್ತದೆ. ಹಾಗಾಗಿ ಹೊರಗಿನಿಂದ ಇನ್ನೊಂದು ಯಂತ್ರ ಪದೇಪದೇ ಕೇಳುತ್ತಿರಬೇಕು: ವ್ಯತ್ಯಾಸ ಎಷ್ಟು? ಸರ್ವರ್‌ನಿಂದ ಕೊನೆಯ ಉತ್ತರ ಬಂದದ್ದು ಯಾವಾಗ? ಮಿತಿ ಮೀರಿದರೆ ಎಚ್ಚರಿಕೆ ಗಂಟೆ. ಹೋಲಿಸಿ ನೋಡೋಕೆ ಎರಡೇ ಗಡಿಯಾರ ಇದ್ದರೂ ಸಾಲದು. ಜಗಳ ಬಂದಾಗ ಸುಳ್ಳು ಯಾರದ್ದು ಅಂತ ಹೇಳೋಕೆ ಮೂರನೆಯದು ಬೇಕು.

ಇಸ್ರೋ 2013ರಲ್ಲಿ ಹಾರಿಸಿದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೈಕೊಟ್ಟವು. ನೆಲದಲ್ಲಿ ಅವುಗಳ ಮೇಲೆ ಕಣ್ಣಿಟ್ಟವರಿದ್ದರು, ಹಾಗಾಗಿ ಗೊತ್ತಾಯಿತು. ಪರಮಾಣು ಗಡಿಯಾರಕ್ಕೇ ಆ ಗತಿ ಅಂದಮೇಲೆ ಕಂಬದ ಮೇಲಿನ ಕ್ಯಾಮೆರಾ ಯಾವ ಲೆಕ್ಕ?

ಜಾತ್ರೆಗೆ ಕ್ಯಾಮೆರಾ ಎಷ್ಟು ಹಾಕಿದ್ದೀರಿ ಅಂತ ಎಲ್ಲರೂ ಕೇಳ್ತಾರೆ. ಅವುಗಳ ಗಡಿಯಾರ ಕೊನೆಯ ಸಲ ನೋಡಿದ್ದು ಯಾವಾಗ ಅಂತಲೂ ಕೇಳಿ.