ಎಂಸಿಬಿ ಕಾಯುವುದು ತಂತಿಯನ್ನು, ಜೀವವನ್ನಲ್ಲ

ಮಳವಳ್ಳಿ ತಾಲ್ಲೂಕಿಗೂ ವಿದ್ಯುತ್ತಿಗೂ ಶತಮಾನ ದಾಟಿದ ನಂಟು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ಇದೇ ತಾಲ್ಲೂಕಿನ ಶಿವನಸಮುದ್ರದಿಂದ. ಇಷ್ಟು ಕಾಲ ಕಳೆದರೂ, ಶಾಕ್ ಹೊಡೆದರೆ ಫ್ಯೂಸೋ ಎಂಸಿಬಿಯೋ ಬಿದ್ದು ಜೀವ ಉಳಿಸುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಒದ್ದೆ ಕೈ, ಬರಿಗಾಲಿನಲ್ಲಿ 230 ವೋಲ್ಟಿನ ಲೈನ್ ಮುಟ್ಟಿದವರ ದೇಹದ ತಡೆ 1,000 ಓಮ್ ಎಂದುಕೊಂಡರೆ ಮೈಯೊಳಗೆ ಹರಿಯುವುದು 0.23 ಆಂಪಿಯರ್. ಹೃದಯದ ಬಡಿತ ಕೆಡಿಸಲು ಇದರ ಅರ್ಧವೂ ಸಾಕಾಗಬಹುದು. ಆದರೆ 16 ಆಂಪಿಯರ್ ಎಂಸಿಬಿಗೆ ಇದು 60 ವಾಟಿನ ಬಲ್ಬು ಉರಿದಷ್ಟೂ ಅಲ್ಲ. ಅದು ಅಲುಗುವುದೇ ಇಲ್ಲ. ತಂತಿ ಕಾದು ಬೆಂಕಿ ಹತ್ತದಂತೆ ತಡೆಯುವುದಷ್ಟೇ ಅದರ ಕೆಲಸ.

ಮನುಷ್ಯನನ್ನು ಕಾಯುವ ಯಂತ್ರ ಬೇರೆ: ಆರ್‌ಸಿಸಿಬಿ. ಇದರೊಳಗೆ ಲೈನ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಕಾಂತೀಯ ಉಂಗುರದ ಮೂಲಕ ಹಾಯುತ್ತವೆ. ಹೋದ ಕರೆಂಟೆಲ್ಲ ಹಿಂದಿರುಗಿದರೆ ಎರಡರ ಕಾಂತಕ್ಷೇತ್ರಗಳು ಪರಸ್ಪರ ಅಳಿಸಿಹೋಗುತ್ತವೆ. ಯಾರದೋ ಮೈ ಮೂಲಕ ಒಂದಿಷ್ಟು ನೆಲಕ್ಕಿಳಿದರೆ ಸಮತೋಲ ತಪ್ಪುತ್ತದೆ. ಉಂಗುರಕ್ಕೆ ಸುತ್ತಿದ ಸುರುಳಿಯಲ್ಲಿ ಕರೆಂಟು ಹುಟ್ಟಿ ಸ್ವಿಚ್ಚಿನ ಕೊಂಡಿ ಕಳಚುತ್ತದೆ. ಮನೆಗೆ ಬೇಕಾದದ್ದು 30 ಮಿಲಿಆಂಪಿಯರ್‌ನದು. ಅಷ್ಟು ಸೋರಿದರೆ 0.3 ಸೆಕೆಂಡಿನೊಳಗೆ, ಸೋರಿಕೆ ಹೆಚ್ಚಿದ್ದರೆ ಇನ್ನೂ ಬೇಗ, ಅದು ಲೈನ್ ಕಡಿಯುತ್ತದೆ.

ಅರ್ತಿಂಗ್ ಇದ್ದರೆ ಸಾಲದೇ ಎನ್ನಬಹುದು. ಮೋಟಾರು, ಗೀಸರುಗಳ ಲೋಹದ ಮೈಗೆ ಅರ್ತ್ ಬೇಕೇ ಬೇಕು. ಆದರೆ ಸುಲಿದ ತಂತಿಯನ್ನು ನೇರವಾಗಿ ಮುಟ್ಟಿದವರಿಗೆ ಅದು ನೆರವಾಗದು. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂಬುದು ಇನ್ನೊಂದು ದೂರು. ಬಹುಪಾಲು ಅದು ನೀರು ತಾಗಿದ ಮೋಟಾರು, ಕೆಟ್ಟ ಗೀಸರ್ ಅಥವಾ ಬೆರೆತುಹೋದ ನ್ಯೂಟ್ರಲ್‌ನ ಸುಳಿವು. ತೆಗೆದುಹಾಕಬೇಕಾದದ್ದು ಆ ದೋಷವನ್ನು, ಅದನ್ನು ತೋರಿಸಿದ ಸಾಧನವನ್ನಲ್ಲ. ಅದಕ್ಕೂ ಮಿತಿಯಿದೆ ಎಂಬ ಆಕ್ಷೇಪ ಮಾತ್ರ ನಿಜ. ಒಂದು ಕೈ ಲೈನಿನ ಮೇಲೆ, ಇನ್ನೊಂದು ನ್ಯೂಟ್ರಲ್ ಮೇಲಿದ್ದು ನೆಲಕ್ಕೆ ಏನೂ ಸೋರದಿದ್ದರೆ, ಅದಕ್ಕೆ ಮನುಷ್ಯನೂ ಒಂದು ಬಲ್ಬಿನಂತೆಯೇ. ಆದ್ದರಿಂದ ಸ್ವಿಚ್ ಬೋರ್ಡ್ ಬಿಚ್ಚುವ ಮುನ್ನ ಮೈನ್ ಆಫ್ ಮಾಡಬೇಕು, ಯುಪಿಎಸ್ ಇದ್ದರೆ ಅದನ್ನೂ ಬೇರೆಯಾಗಿ ಆಫ್ ಮಾಡಬೇಕು. ಕರೆಂಟಿರುವ ಸಾಕೆಟ್ಟಿನಲ್ಲಿ ಟೆಸ್ಟರ್ ಸರಿಯಿದೆಯೇ ನೋಡಿಕೊಂಡೇ ತಂತಿ ಪರೀಕ್ಷಿಸಬೇಕು. ಎಚ್ಚರ ತಪ್ಪಿದ ಕ್ಷಣಕ್ಕೆ ಆರ್‌ಸಿಸಿಬಿ ಇರಲಿ. ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದನ್ನು ಅಂದೇ ಬದಲಿಸಿ.