ವಕೀಲಿ ಓದುವ ಮಕ್ಕಳು ಮತ್ತು ಊರಿನ ಅಮಾನತ್

ನಮ್ಮ ಮನೆಗಳಲ್ಲಿ ಮಗ ಡಾಕ್ಟರ್ ಆಗುತ್ತೇನೆಂದರೆ ಅಜ್ಜಿ ಕೂತಲ್ಲೇ ದುಆ ಮಾಡುತ್ತಾರೆ. ವಕೀಲನಾಗುತ್ತೇನೆಂದರೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಸುಳ್ಳು ಹೇಳದೆ ಆ ಕಸುಬು ನಡೆಯುತ್ತದೆಯೇ ಎಂಬ ಅನುಮಾನ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಹೆಬ್ಬೂರಿನಂತಹ ಊರುಗಳಿಂದ ಬಸ್ಸು ಹತ್ತಿ ತುಮಕೂರಿಗೆ ಕಾನೂನು ಓದಲು ಹೋಗುವ ಮಕ್ಕಳು ಈ ಅನುಮಾನವನ್ನು ಕೇಳಿಕೊಂಡೇ ಬೆಳೆದವರು. ಅನುಮಾನವೇನೂ ತಪ್ಪಲ್ಲ. ಆದರೆ ಅದನ್ನು ಕಸುಬಿನ ಮೇಲೆ ಹಾಕಿ ಸುಮ್ಮನಾಗುವ ಬದಲು, ಆ ಮಕ್ಕಳು ಹೇಗೆ ತಯಾರಾಗುತ್ತಿದ್ದಾರೆ ಎಂದು ವಿಚಾರಿಸುವುದು ಲೇಸು.

ಉಮ್ಮು ಸಲಮಾ(ರ) ವರದಿ ಮಾಡಿದ ಒಂದು ಹದೀಸ್ ಇದೆ. ಅದರ ಮುಖ್ಯ ಭಾಗ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ, ಹಿನ್ನೆಲೆಯ ಪ್ರಸಂಗ ಅಬೂ ದಾವೂದ್‌ನಲ್ಲಿದೆ. ಇಬ್ಬರು ವ್ಯಕ್ತಿಗಳು ಹಳೆಯ ಪಿತ್ರಾರ್ಜಿತದ ತಗಾದೆ ಹೊತ್ತು ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದರು. ಇಬ್ಬರ ಬಳಿಯೂ ಬಾಯಿಮಾತು ಬಿಟ್ಟರೆ ಸಾಕ್ಷ್ಯವಿರಲಿಲ್ಲ. ತಾನೂ ಒಬ್ಬ ಮನುಷ್ಯ, ಕೇಳಿದ್ದನ್ನು ಆಧರಿಸಿಯೇ ತೀರ್ಪು ಕೊಡಬೇಕು, ನಿಮ್ಮಲ್ಲೊಬ್ಬರು ಇನ್ನೊಬ್ಬರಿಗಿಂತ ಚೆನ್ನಾಗಿ ವಾದಿಸಬಹುದು, ಹಾಗೆ ಸಹೋದರನ ಹಕ್ಕು ಯಾರ ಪಾಲಿಗಾದರೂ ಬಂದರೆ ಅದು ಬೆಂಕಿಯ ತುಂಡು ಎಂಬರ್ಥದಲ್ಲಿ ಪ್ರವಾದಿ(ಸ)ಯವರು ಎಚ್ಚರಿಸಿದರು. ಇಬ್ಬರೂ ಅತ್ತರು. ನನ್ನ ಹಕ್ಕು ಅವನಿಗೇ ಇರಲಿ ಎಂದು ಇಬ್ಬರೂ ಹೇಳಿದರು. ಆಗ ನ್ಯಾಯವಾಗಿ ಪಾಲು ಮಾಡಿ, ಚೀಟಿ ಎತ್ತಿ, ಒಬ್ಬರನ್ನೊಬ್ಬರು ಋಣಮುಕ್ತಗೊಳಿಸಿ ಎಂದು ಅವರಿಗೆ ಸೂಚಿಸಲಾಯಿತು.

ಹಳೆಯ ಆಸ್ತಿ, ಕಾಗದವಿಲ್ಲ, ಮಾತಿನ ಜಾಣ್ಮೆ ಯಾರಿಗಿದೆಯೋ ಅವರ ಮೇಲುಗೈ. ಹೋಬಳಿಯ ನಾಡಕಚೇರಿ ಮುಂದೆ ಅರ್ಧ ಗಂಟೆ ನಿಂತರೆ ನಾವೂ ಇದನ್ನೇ ಕೇಳುತ್ತೇವೆ. ವಕೀಲನೆಂದರೆ ಇನ್ನೊಬ್ಬರ ಪರವಾಗಿ ಮಾತಾಡುವ ನಾಲಿಗೆ. ಆ ನಾಲಿಗೆಗೆ ತರಬೇತಿ ಎಲ್ಲಿ ಸಿಗುತ್ತದೆ?

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಇದಕ್ಕೆಂದೇ ವಿಷಯಗಳಿವೆ. ವೃತ್ತಿ ನೀತಿ ಅವುಗಳಲ್ಲೊಂದು. ಕರಡು ಬರೆಯುವುದು, ರಾಜಿ ಸಂಧಾನ, ಅಣಕು ನ್ಯಾಯಾಲಯ ಉಳಿದವು. ವೃತ್ತಿ ನೀತಿಯ ಪಾಠದಲ್ಲಿ ಬರೀ ಉಪದೇಶವಿಲ್ಲ. ತಪ್ಪು ಮಾಡಿದ ವಕೀಲರ ಮೇಲೆ ಶಿಸ್ತು ಸಮಿತಿಗಳು ಕೊಟ್ಟ ಆಯ್ದ 50 ಅಭಿಪ್ರಾಯಗಳನ್ನೂ ಸುಪ್ರೀಂ ಕೋರ್ಟಿನ 10 ಮುಖ್ಯ ತೀರ್ಪುಗಳನ್ನೂ ಓದಿಸಬೇಕು. ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು 20 ವಾರ ವಕೀಲರು, ಸ್ವಯಂಸೇವಾ ಸಂಸ್ಥೆಗಳು, ನ್ಯಾಯಾಲಯಗಳಂತಹ ಕಡೆ ಇಂಟರ್ನ್‌ಶಿಪ್ ಮಾಡಬೇಕು. ಇದರ ಜೊತೆಗೆ ಪ್ರತಿ ಕಾನೂನು ಕಾಲೇಜೂ ಹಿರಿಯ ಅಧ್ಯಾಪಕರ ಉಸ್ತುವಾರಿಯಲ್ಲಿ, ಕೊನೆಯ ವರ್ಷದ ವಿದ್ಯಾರ್ಥಿಗಳು ನಡೆಸುವ ಒಂದು ಕಾನೂನು ನೆರವು ಕ್ಲಿನಿಕ್ ಇಡಲೇಬೇಕು. ವಿದ್ಯಾರ್ಥಿಗಳು ಯಾವ ಪ್ರದೇಶದಿಂದ ಬರುತ್ತಾರೋ ಅಲ್ಲಿನ ಸೇವಾಸಕ್ತ ವಕೀಲರು ಮತ್ತು ಸಂಸ್ಥೆಗಳೊಂದಿಗೆ ಸೇರಿ ಅದು ನಡೆಯಬೇಕೆಂಬ ಮಾತು ನಿಯಮದಲ್ಲೇ ಇದೆ. ತುಮಕೂರಿನ ಸುಫಿಯಾ ಕಾನೂನು ಕಾಲೇಜಿರಲಿ, ವಿದ್ಯೋದಯ ಕಾನೂನು ಕಾಲೇಜಿರಲಿ, ಈ ನಿಯಮ ಎಲ್ಲರಿಗೂ ಒಂದೇ. ಹಾಗೆಂದ ಮೇಲೆ ಅಲ್ಲಿಗೆ ಮಕ್ಕಳನ್ನು ಕಳಿಸುವ ಹೆಬ್ಬೂರೂ ಆ ಕ್ಲಿನಿಕ್ಕಿನ ವ್ಯಾಪ್ತಿಯೊಳಗಿನ ಊರೇ.

ವಾರ್ಡಿನಲ್ಲಿ ರೋಗಿಯನ್ನು ನೋಡದೆ ಡಾಕ್ಟರ್ ಆಗಲಾಗದು. ಹಾಗೆಯೇ ನಿಜವಾದ ಕಷ್ಟ ಹೊತ್ತ ಮನುಷ್ಯನ ಎದುರು ಕೂರದೆ ವಕೀಲನಾಗಬಾರದು ಎಂಬ ವಿಚಾರಕ್ಕೆ ನಮ್ಮ ದೇಶದಲ್ಲಿ ಬಲ ತುಂಬಿದವರಲ್ಲಿ ಎನ್.ಆರ್. ಮಾಧವ ಮೆನನ್ ಪ್ರಮುಖರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸ್ಥಾಪಕ ನಿರ್ದೇಶಕರಾಗಿದ್ದ ಅವರು 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಸಂಸತ್ತು ಕೂಡ ಇದನ್ನು ಒಪ್ಪಿದೆ. ಕಾಲೇಜುಗಳಲ್ಲಿ ಇಂತಹ ಕ್ಲಿನಿಕ್ಕುಗಳನ್ನು ಬೆಳೆಸುವುದು ರಾಷ್ಟ್ರೀಯ ಪ್ರಾಧಿಕಾರದ ಕೆಲಸಗಳಲ್ಲೊಂದು ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ.

ನಿಯಮವೇನೋ ಇದೆ. ಅದು ಊರಿಗೆ ಬಂದಾಗ ಏನಾಗುತ್ತದೆ? ಒಂದು ಪ್ರಸಂಗ ಊಹಿಸಿಕೊಳ್ಳಿ.

ಕೊನೆಯ ವರ್ಷದ ಎಲ್‌ಎಲ್‌ಬಿ ಓದುವ ಹುಡುಗ ಭಾನುವಾರ ಮನೆಯಲ್ಲಿದ್ದಾನೆ. ಚಾಚಾ ಬರುತ್ತಾರೆ. ದಾದಾ ತೀರಿ ಹನ್ನೆರಡು ವರ್ಷವಾಯಿತು, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ, ಪೌತಿ ಖಾತೆಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರವಿದೆ. ವಂಶವೃಕ್ಷವೊಂದನ್ನು ನೀನೇ ಬರೆದುಕೊಡು ಎನ್ನುತ್ತಾರೆ. ಬರೆಯುತ್ತಾ ಹುಡುಗ ಫುಪ್ಪುವಿನ ಹೆಸರಿಗೆ ಬರುತ್ತಾನೆ. "ಅದು ಬೇಡಪ್ಪ. ಮದುವೆಯಲ್ಲೇ ಅವಳಿಗೆ ಎಲ್ಲಾ ಕೊಟ್ಟಾಗಿದೆ. ಅವಳೂ ಏನೂ ಕೇಳಿಲ್ಲ." ಗಂಡುಮಕ್ಕಳ ಹೆಸರು ಮಾತ್ರ ಇರುವ ವಂಶವೃಕ್ಷ ನಮ್ಮ ಜಿಲ್ಲೆಗೆ ಹೊಸದಲ್ಲ. ಯಾವ ಒಂದು ಸಮುದಾಯದ ಸೊತ್ತೂ ಅಲ್ಲ. ಆದರೆ ನಮ್ಮ ಮನೆಗಳಲ್ಲಿ ಇದು ಹೆಚ್ಚು ನಾಚಿಕೆಗೇಡು. ಏಕೆಂದರೆ ಮಗಳ ಪಾಲು ಸೂರಃ ಅನ್ನಿಸಾದ 11ನೇ ಆಯತ್‌ನಲ್ಲಿ ಲೆಕ್ಕ ಹಾಕಿ ಹೇಳಿರುವುದು ನಮಗೆಲ್ಲ ಗೊತ್ತು.

ಈ ಹುಡುಗ ಏನು ಮಾಡಬೇಕು? ಹೆಸರು ಬಿಟ್ಟು ಬರೆದರೆ ಅದು ಸುಳ್ಳು ದಾಖಲೆ. ಅದರ ಮೇಲೆ ಪ್ರಮಾಣ ಮಾಡಿದ ಚಾಚಾ ಅಪರಾಧಕ್ಕೆ ಸಿಕ್ಕಿಬೀಳುತ್ತಾರೆ. ಅಷ್ಟು ಮಾಡಿದರೂ ಫುಪ್ಪುವಿನ ಹಕ್ಕು ಅಳಿಯುವುದಿಲ್ಲ. ಕಂದಾಯ ದಾಖಲೆಯಲ್ಲಿ ಹೆಸರು ಇರುವುದರಿಂದ ಮಾತ್ರ ಒಡೆತನ ಬರುವುದಿಲ್ಲ, ಇಲ್ಲದ್ದರಿಂದ ಹೋಗುವುದೂ ಇಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹತ್ತು ವರ್ಷದ ನಂತರ ಆಕೆಯ ಮಕ್ಕಳು ದಾವೆ ಹಾಕುತ್ತಾರೆ, ಆಗ ತೋಟಕ್ಕಿಂತ ಕೋರ್ಟು ದೊಡ್ಡದಾಗುತ್ತದೆ. ಫುಪ್ಪು ನಿಜವಾಗಿಯೂ ತನ್ನ ಪಾಲು ತಮ್ಮನಿಗೆ ಬಿಡುತ್ತಾರೆಂದಾದರೆ ಅದಕ್ಕೆ ದಾರಿ ಇದೆ: ಮೊದಲು ಆಕೆಯ ಹೆಸರು ವಂಶವೃಕ್ಷದಲ್ಲಿ ಬರಬೇಕು, ತನ್ನ ಪಾಲು ಎಷ್ಟೆಂದು ಆಕೆಗೆ ತಿಳಿಯಬೇಕು, ನಂತರ ತಾನೇ ಉಪನೋಂದಣಿ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರ ನೋಂದಾಯಿಸಬೇಕು. ಆಕೆಗೆ ತಿಳಿಯದಂತೆ ಹೆಸರು ಹಾರಿಸಿ, ಅವಳೇ ಬಿಟ್ಟಳು ಎನ್ನುವುದು ಬಿಟ್ಟುಕೊಡುವುದಲ್ಲ.

ಇಲ್ಲಿಯವರೆಗೆ ಪಾಠ ಸುಲಭ. ಕಷ್ಟದ್ದು ಮುಂದಿದೆ. ಚಾಚಾ ಒಪ್ಪದೆ ಎದ್ದು ಹೋದರು, ಹುಡುಗ ಓಡಿ ಹೋಗಿ ಫುಪ್ಪುವಿಗೆ ಹೇಳಬಹುದೇ? ಒಬ್ಬರಿಗೆ ಸಲಹೆ ಕೊಟ್ಟ ವಕೀಲ ಅದೇ ವ್ಯಾಜ್ಯದಲ್ಲಿ ಎದುರಿನವರ ಪರ ನಿಲ್ಲಬಾರದು ಎಂಬುದು ಬಾರ್ ಕೌನ್ಸಿಲ್ ನಿಯಮ. ಕಕ್ಷಿದಾರ ನಂಬಿ ಹೇಳಿದ್ದನ್ನು ಹೊರಗೆ ಹಾಕಬಾರದು. ಆದರೆ ಅಕ್ರಮ ಕೆಲಸಕ್ಕೆಂದು ಆಡಿದ ಮಾತಿಗೆ ಈ ರಕ್ಷಣೆ ಇಲ್ಲ ಎಂದು ಸಾಕ್ಷ್ಯ ಕಾನೂನೇ ಹೇಳುತ್ತದೆ. ಈ ಎರಡರ ನಡುವೆ ಗೆರೆ ಎಳೆಯುವುದು ಇಪ್ಪತ್ತೆರಡು ವರ್ಷದ ಹುಡುಗನ ತಲೆಯ ಮೇಲೆ ಹೊರಿಸುವ ಕೆಲಸವಲ್ಲ. ಉಸ್ತುವಾರಿ ಅಧ್ಯಾಪಕರು ಇರುವುದೇ ಇದಕ್ಕೆ. ಇದು ನನ್ನ ಮನೆಯ ವಿಷಯ, ನಾನು ಇದನ್ನು ಮುಟ್ಟಲಾರೆ ಎಂದು ಅವನು ಮೊದಲ ದಿನವೇ ಅವರಿಗೆ ಹೇಳಬೇಕು. ಸ್ವಂತ ಸಂಬಂಧಿಕರ ವಿಷಯದಲ್ಲಿ ಹಿಂದೆ ಸರಿಯುವುದನ್ನು ಕಲಿಯುವುದು, ನನ್ನ ಅಭಿಪ್ರಾಯದಲ್ಲಿ, ಅಣಕು ನ್ಯಾಯಾಲಯದಲ್ಲಿ ಕಪ್ಪು ಕೋಟು ಹಾಕಿ ವಾದಿಸಿ ಕಪ್ ಗೆಲ್ಲುವುದಕ್ಕಿಂತ ದೊಡ್ಡ ವಿದ್ಯೆ. ತನಗೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆನ್ನುವ ಅನ್ನಿಸಾದ 135ನೇ ಆಯತ್ ಜುಮಾ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದನ್ನು ಪಾಲಿಸುವಾಗ ಎದುರಿಗೆ ಕೂತಿರುವುದು ನಮ್ಮದೇ ಚಾಚಾ ಎಂಬುದು ಮಾತ್ರ ಆಗ ನೆನಪಾಗುವುದಿಲ್ಲ.

ಅದೇ ಸೂರಾದ 105ರಿಂದ ಮುಂದಿನ ಆಯತ್‌ಗಳ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಮದೀನಾದ ಒಂದು ಕಳ್ಳತನದ ಪ್ರಕರಣವನ್ನು ಹೇಳುತ್ತಾರೆ. ಬನೂ ಉಬೈರಿಕ್ ಎಂಬ ಮನೆತನದವನೊಬ್ಬ ಕವಚ ಕದ್ದ. ಅವನ ಕಡೆಯವರು ಸೇರಿ ಅಪವಾದವನ್ನು ನಿರಪರಾಧಿ ಯಹೂದಿಯೊಬ್ಬನ ಮೇಲೆ ಹಾಕಿದರು, ಚೆನ್ನಾಗಿ ವಾದಿಸಿದರು. ವಂಚಕರ ಪರ ವಾದಿಯಾಗಬೇಡಿ ಎಂಬ ಅರ್ಥದ ಆಜ್ಞೆ ಇಳಿದು ಆ ಯಹೂದಿ ಕಳಂಕಮುಕ್ತನಾದ. ನಮ್ಮವನು ಎಂಬ ಕಾರಣಕ್ಕೆ ಜಮಾಅತ್ ಒಟ್ಟಾಗಿ ನಿಲ್ಲುವ ಮುನ್ನ ಈ ಪ್ರಕರಣವನ್ನು ಓದಿಕೊಳ್ಳಬೇಕು.

ಹಾಗಾದರೆ ಆರೋಪಿಯ ಪರ ವಕಾಲತ್ತು ಹಾಕುವುದೇ ತಪ್ಪೇ? ಅಲ್ಲ. ಸರಿಯಾದ ಸಾಕ್ಷ್ಯವಿಲ್ಲದೆ ಯಾರಿಗೂ ಶಿಕ್ಷೆಯಾಗಬಾರದು, ಆದ್ದರಿಂದ ಆರೋಪಿ ತಪ್ಪಿತಸ್ಥನೆಂದು ತನಗೆ ಅನಿಸಿದರೂ ವಕೀಲ ಅವನ ಪರ ವಾದಿಸಬೇಕು, ಆದರೆ ನ್ಯಾಯವಾದ, ಗೌರವದ ಮಾರ್ಗದಲ್ಲಿ ಮಾತ್ರ ಎಂದು ಬಾರ್ ಕೌನ್ಸಿಲ್ ನಿಯಮ ಹೇಳುತ್ತದೆ. ಪೊಲೀಸರು ತಂದ ಸಾಕ್ಷಿಯನ್ನು ಒರೆಗೆ ಹಚ್ಚುವುದು ಸುಳ್ಳಲ್ಲ. ಸುಳ್ಳು ಸಾಕ್ಷಿಯನ್ನು ಕರೆತಂದು ನಿಲ್ಲಿಸುವುದು ಸುಳ್ಳು. ಸುಳ್ಳು ಆರೋಪದಲ್ಲಿ ಸಿಕ್ಕ ನಿರಪರಾಧಿಗೂ ಇದೇ ನಿಯಮ ಆಸರೆ ಎಂಬುದನ್ನು ಅಜ್ಜಿಗೆ ಬಿಡಿಸಿ ಹೇಳಿದರೆ ಅವರೂ ಒಪ್ಪಿಯಾರು.

ಇನ್ನು ದುಡ್ಡಿನ ವಿಷಯ. ಗೆದ್ದರೆ ಇಷ್ಟು ಪರ್ಸೆಂಟ್ ಎಂದು ವಕೀಲ ಫೀ ಗೊತ್ತುಮಾಡುವಂತಿಲ್ಲ. ಅಪಘಾತ ಪರಿಹಾರದ ಕೇಸುಗಳಲ್ಲಿ ಈ ಮಾತು ಎಷ್ಟು ಮಾಮೂಲಿಯಾಗಿದೆಯೆಂದರೆ, ಇದು ನಿಷಿದ್ಧ ಎಂದು ಹೇಳಿದರೆ ಜನ ನಗುತ್ತಾರೆ. ದಲ್ಲಾಳಿಗಳ ಮೂಲಕ ಕೇಸು ಹಿಡಿಯುವುದೂ ನಿಷಿದ್ಧ. ಕಾನೂನು ವಿದ್ಯಾರ್ಥಿಗೆ ಮೊದಲ ಪ್ರಲೋಭನೆ ಇದೇ: ಊರಿನ ಕೇಸನ್ನು ಪೇಟೆಯ ವಕೀಲರಿಗೆ ಮುಟ್ಟಿಸಿ ಕಮಿಷನ್ ಪಡೆಯುವುದು. ವಿದ್ಯಾರ್ಥಿ ಸನದು ಪಡೆದ ವಕೀಲನಲ್ಲ, ಕೋರ್ಟಿನಲ್ಲಿ ವಾದಿಸಲು ಅವನಿಗೆ ಅಧಿಕಾರವಿಲ್ಲ. ಕಷ್ಟ ಕೇಳಿ ಬರೆದುಕೊಳ್ಳಬಹುದು, ಅರ್ಜಿ ತುಂಬಬಹುದು, ಕಾಗದಪತ್ರ ಜೋಡಿಸಬಹುದು, ಪ್ರಾಧಿಕಾರದ ಬಾಗಿಲಿನವರೆಗೆ ಜೊತೆಗೆ ಹೋಗಬಹುದು. ಇಷ್ಟಕ್ಕೆ ಒಂದು ರೂಪಾಯಿಯೂ ಪಡೆಯಬಾರದು.

ಸೇವೆಯೇ ತಿದ್ದುವ ಪಾಠವಾಗಬಹುದು ಎಂದು ಸುಪ್ರೀಂ ಕೋರ್ಟು 1978ರಲ್ಲಿ ತೋರಿಸಿಕೊಟ್ಟಿತು. ಕಿವಿ ಕೇಳದ ವೃದ್ಧರೊಬ್ಬರು ಸಾಲ ವಸೂಲಿಗೆ ಕೊಟ್ಟ ಪ್ರಾಮಿಸರಿ ನೋಟುಗಳ ಮೇಲೆ ದಾವೆ ಹಾಕದೆಯೇ ಹಾಕಿದ್ದೇನೆಂದು ನಂಬಿಸಿದ ತಮಿಳುನಾಡಿನ ವಕೀಲರೊಬ್ಬರ ಪ್ರಕರಣ ಅದು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಬಹುಮತದ ತೀರ್ಪಿನಲ್ಲಿ ಅಮಾನತು ಎತ್ತಿಹಿಡಿದದ್ದಲ್ಲದೆ, ಆ ವಕೀಲರು ಬಡವರ ಕಾನೂನು ನೆರವಿನ ಸಂಸ್ಥೆಯಲ್ಲಿ ಕೆಲಸ ಮಾಡಬೇಕೆಂದು ಆದೇಶಿಸಲಾಯಿತು. ಒಬ್ಬ ನ್ಯಾಯಮೂರ್ತಿ ಭಿನ್ನಮತ ಬರೆದರು. ತಪ್ಪು ಮಾಡಿದ ಮೇಲೆ ಕೊಟ್ಟ ಈ ಮದ್ದನ್ನು ತಪ್ಪು ಮಾಡುವ ಮೊದಲೇ ಕೊಡುವುದು ಕಾಲೇಜಿನ ಕ್ಲಿನಿಕ್ಕಿಗೆ ಸಾಧ್ಯ.

ಸಾಧ್ಯ ಎಂದೆ. ಎಲ್ಲ ಕಡೆ ಹಾಗೇ ನಡೆಯುತ್ತಿದೆ ಎನ್ನಲಾರೆ. ಕಾನೂನು ಅರಿವು ಶಿಬಿರ ಎಂದರೆ ಬ್ಯಾನರ್, ಹೂಗುಚ್ಛ, ಫೋಟೋ, ಬೋಂಡಾ, ಕಾಫಿ. ನಾನು ಕೂತು ನೋಡಿದ ಒಂದು ಶಿಬಿರದಲ್ಲಿ ಭಾಷಣ ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತಂದು ತೋರಿಸಿದರು. "ಆಮೇಲೆ ಬನ್ನಿ ಅಮ್ಮ" ಎಂದರು. ಆಮೇಲೆ ಎಲ್ಲಿಗೆ, ಯಾರ ಬಳಿಗೆ ಎಂದು ಯಾರೂ ಹೇಳಲಿಲ್ಲ. ಹತ್ತು ಶಿಬಿರಕ್ಕಿಂತ ಆ ಒಂದು ಚೀಲದ ಕಾಗದವನ್ನು ಕೊನೆಯವರೆಗೆ ಹಿಂಬಾಲಿಸುವುದು ಉತ್ತಮ ತರಬೇತಿ. ಮಸೀದಿ ಕಮಿಟಿಗಳು ಮಾಡಬಹುದಾದ ಕೆಲಸವೂ ಇಲ್ಲಿದೆ. ಕಾಲೇಜಿಗೆ ಒಂದು ಪತ್ರ ಬರೆದು, ತಿಂಗಳಲ್ಲಿ ಒಂದು ನಿಗದಿತ ದಿನ, ಅಧ್ಯಾಪಕರೊಬ್ಬರ ಜೊತೆ ವಿದ್ಯಾರ್ಥಿಗಳನ್ನು ಕಳಿಸಿ ಎಂದು ಕೇಳಬೇಕು. ಕೂರಲು ಕೊಡುವ ಜಾಗ ಬಾಗಿಲಿರುವ ಕೋಣೆಯಾಗಿರಲಿ. ಅಂಗಳದಲ್ಲಿ ಮೇಜು ಹಾಕಿದರೆ ಜೀವನಾಂಶದ ಮಾತು, ಗಂಡನ ಹೊಡೆತದ ಮಾತು ಯಾವ ಹೆಣ್ಣುಮಗಳ ಬಾಯಿಂದಲೂ ಬರುವುದಿಲ್ಲ. ಹೆಣ್ಣುಮಕ್ಕಳ ಕಷ್ಟ ಕೇಳಲು ವಿದ್ಯಾರ್ಥಿನಿಯರೇ ಬೇಕು. ಮಗಳು ಕಾನೂನು ಓದುತ್ತೇನೆಂದಾಗ ಬೇಡವೆನ್ನುವ ತಂದೆಯಂದಿರು ಇದನ್ನೂ ಯೋಚಿಸಲಿ.

ನೆರವು ಯಾರಿಗೆ ಸಿಗುತ್ತದೆ ಎಂಬುದರಲ್ಲಿ ನಮ್ಮಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಮುಂತಾದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಸರ್ಕಾರ ಗೊತ್ತುಪಡಿಸಿದ ಆದಾಯ ಮಿತಿ ಇದೆ. ಅಂದರೆ ಮೇಲಿನ ಪ್ರಸಂಗದ ಫುಪ್ಪು, ತೋಟವಿರುವ ಮನೆಗೆ ಸೇರಿದವರಾದರೂ, ಹೆಂಗಸು ಎಂಬ ಒಂದೇ ಕಾರಣಕ್ಕೆ ಅರ್ಹರು. ಪ್ರಾಧಿಕಾರ ನೇಮಿಸಿದ ವಕೀಲರಿಗೆ ಪ್ರಾಧಿಕಾರವೇ ಸಂಭಾವನೆ ಕೊಡುತ್ತದೆ. ಅವರು ಕಕ್ಷಿದಾರರಿಂದ ಕೇಳುವಂತಿಲ್ಲ.

ಅರ್ಜಿಯನ್ನು ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೊಡಬಹುದು. ಮೊದಲು ಫೋನಿನಲ್ಲಿ ಕೇಳಬೇಕೆಂದರೆ 15100ಕ್ಕೆ ಕರೆ ಮಾಡಬಹುದು. ಆಧಾರ್, ಪಹಣಿ ಅಥವಾ ಕೈಯಲ್ಲಿರುವ ಯಾವುದೇ ಕಾಗದ, ಬಂದ ನೋಟೀಸು ಇದ್ದರೆ ಅದು, ಇಷ್ಟು ತೆಗೆದುಕೊಂಡು ಹೋಗಿ. ಓದು ಬರಹ ಬಾರದವರು ಹಿಂಜರಿಯಬೇಕಿಲ್ಲ. ಅವರು ಹೇಳಿದ್ದನ್ನು ಕಚೇರಿಯವರೇ ಫಾರಂನಲ್ಲಿ ತುಂಬಿ, ಓದಿ ಹೇಳಿ, ಅರ್ಥ ಮಾಡಿಸಿ, ನಂತರ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕೆಂದು 2010ರ ನಿಯಮಾವಳಿಯಲ್ಲಿದೆ. ಜೊತೆಗೆ ಹೋದ ವಿದ್ಯಾರ್ಥಿ, ಓದಿ ಹೇಳುವ ಆ ಹಂತ ತಪ್ಪಿಹೋಗದಂತೆ ಪಕ್ಕದಲ್ಲೇ ನಿಂತಿರಲಿ.